ಸೂರ್ಯನೆದುರು ಮಡಚಿದ ಕೊಡೆ

ಎನ್.ಆರ್. ಕಾಲೋನಿಯ ಗೋದಾಗೆ ಸೂರ್ಯನೆಂದರೆ ಮನೆಯ ಹಿರಿಯನಿದ್ದಂತೆ. ಬೆಳಿಗ್ಗೆ ಅವನಿಗೆ ಕೈಮುಗಿಯದೆ ಅವಳ ಗಂಟಲಿಗೆ ಕಾಫಿ ಇಳಿಯುತ್ತಿರಲಿಲ್ಲ. ಅಂಥವಳ ಒಬ್ಬಳೇ ಮಗಳು ಇಂಚರಾಗೆ ಬಿಸಿಲೇ ಆಗದು ಎಂದು ಡಾಕ್ಟರು ಹೇಳಿದಾಗ, ಗೋದಾ ಅವರು ಕೊಟ್ಟ ಮಾತ್ರೆಗಳನ್ನೆಲ್ಲ ನಂಬಿದಳು. ಆ ಒಂದು ಮಾತನ್ನು ಮಾತ್ರ ನಂಬಲಿಲ್ಲ.

ಕಾಯಿಲೆಯ ಹೆಸರು ಲೂಪಸ್. ಅದು ಆಗಲೇ ಒಮ್ಮೆ ಹುಡುಗಿಯ ಕಿಡ್ನಿಗೆ ಕೈಹಾಕಿತ್ತು. ಡಾಕ್ಟರ್ ಮಧುರಾ ಹರಸಾಹಸ ಮಾಡಿ ಉಳಿಸಿಕೊಟ್ಟು, "ಇನ್ನೊಂದ್ಸಲ ಹೀಗೆ ಕೆರಳಿದ್ರೆ ಕಿಡ್ನಿ ಉಳಿಯೋದು ಕಷ್ಟ" ಎಂದು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಎಂ.ಎಸ್ಸಿ. ಓದಿ ಲ್ಯಾಬ್ ಒಂದರಲ್ಲಿ ಕೆಲಸಕ್ಕಿದ್ದ ಇಂಚರಾ, ಅವರೆಕಾಯಿ ಸುಲಿಯುತ್ತಾ ಅಮ್ಮನಿಗೆ ತಿಳಿಯುವ ಹಾಗೆ ವಿವರಿಸಿದ್ದಳು.

"ನಮ್ಮೊಳಗೆ ಕಾವಲು ಕಾಯೋ ಬಿಳಿ ರಕ್ತಕಣಗಳಿರ್ತವೆ ಅಮ್ಮಾ. ಕಳ್ಳ ಬಂದ ಅಂದ್ರೆ ಕೂಗಿ ಮಿಕ್ಕವನ್ನ ಕರೀತವೆ. ಆ ಕೂಗಿಗೇ ಸೈಟೊಕೈನ್ ಅನ್ನೋದು. ನನ್ನೊಳಗಿರೋವಕ್ಕೆ ಮನೆಯವರು ಯಾರು, ಕಳ್ಳ ಯಾರು ಅಂತಾನೇ ಗೊತ್ತಾಗಲ್ಲ. ಬಿಸಿಲಿಗೆ ಚರ್ಮದಲ್ಲಿ ನಾಲ್ಕು ಕಣ ಸತ್ರೆ ಸಾಕು, ಇಂಟರ್‌ಫೆರಾನ್ ಅಂತ ಒಂದು ಕೂಗು ಎದ್ಬಿಡುತ್ತೆ. ಅದನ್ನ ಕೇಳಿ ಬಿ ಅನ್ನೋ ಜಾತಿಯ ಕಣಗಳು ನನ್ನ ಮೇಲೇ ಆಯುಧ ತಯಾರು ಮಾಡ್ತವೆ. ಆ ಆಯುಧ ಎಲ್ಲಾ ಹೋಗಿ ಕಿಡ್ನಿಲಿ ಕೂತ್ಕೊಳುತ್ತೆ."

"ಬೇಲಿನೇ ಎದ್ದು ಹೊಲ ಮೇಯ್ದ ಹಾಗೆ ಅನ್ನು."

"ಅಷ್ಟೇ."

ಗೋದಾಗೆ ಅರ್ಥವಾಗಿತ್ತು. ಅರ್ಥವಾದದ್ದೆಲ್ಲ ಮನಸ್ಸಿಗೂ ಇಳಿಯುವಂತಿದ್ದರೆ ಈ ಲೋಕದಲ್ಲಿ ಅರ್ಧ ಸಂಕಟವೇ ಇರುತ್ತಿರಲಿಲ್ಲ! ಮಗಳು ಮಟಮಟ ಮಧ್ಯಾಹ್ನ ಕರಿ ಕೊಡೆ ಹಿಡಿದು ಬೀದಿಗಿಳಿದರೆ ಎದುರುಮನೆಯವರು ಕಿಸಕ್ಕನೆ ನಗುತ್ತಿದ್ದರು. ಆ ಕೊಡೆ, ಆ ಮಾತ್ರೆ ಸೇರಿ ಎರಡು ವರ್ಷ ಕಾಯಿಲೆಯನ್ನು ಬಾಯಿ ಮುಚ್ಚಿ ಕೂರಿಸಿದ್ದವು. ಗೋದಾ ಮಾತ್ರ, ಸೂರ್ಯನಿಗೆ ಬೆನ್ನು ತಿರುಗಿಸಿದ್ದರಿಂದಲೇ ಮಗಳಿಗೆ ಪೂರ್ತಿ ಗುಣವಾಗಿಲ್ಲ ಎಂದುಕೊಂಡಳು. ಆರೋಗ್ಯ ಬೇಕಾದರೆ ಸೂರ್ಯನನ್ನೇ ಕೇಳಬೇಕು ಎಂದು ಅವಳ ಅತ್ತೆ ಸಾಯುವವರೆಗೂ ಹೇಳುತ್ತಿದ್ದರು.

ರಥಸಪ್ತಮಿ ಬಂತು. ತಲೆ, ಭುಜಗಳ ಮೇಲೆ ಎಕ್ಕದೆಲೆ ಇಟ್ಟು ಮಗಳಿಗೆ ಸ್ನಾನ ಮಾಡಿಸಿದ್ದಾಯಿತು. ಇನ್ನು ತಾರಸಿಯ ಮೇಲೆ ಬೆರಣಿ ಒಲೆ ಹೂಡಿ, ಸೂರ್ಯನೆದುರು ಹಾಲು ಉಕ್ಕಿಸಬೇಕು. ಉಕ್ಕುವ ತನಕ ಮನೆಯವರು ಅಲ್ಲಿಂದ ಕದಲಬಾರದು ಎಂಬುದು ಆ ಮನೆಯ ಪದ್ಧತಿ.

"ಎಳೆ ಬಿಸಿಲಲ್ಲೇ ಮುಗಿಸಿಬಿಡೋಣ ಕಣೆ, ಏನೂ ಆಗಲ್ಲ" ಎಂದು ಗೋದಾ ಒಪ್ಪಿಸಿದ್ದಳು. ಆದರೆ ಪುರೋಹಿತರು ನಾಲ್ಕು ಮನೆ ಮುಗಿಸಿಕೊಂಡು ಬರುವಷ್ಟರಲ್ಲಿ ಹತ್ತು ದಾಟಿತ್ತು. ಹಸಿ ಬೆರಣಿ ಹೊಗೆಯಾಡಿತೇ ಹೊರತು ಉರಿಯಲಿಲ್ಲ. ಇಂಚರಾ ಮೂಲೆಯಲ್ಲಿದ್ದ ಕೊಡೆ ಬಿಚ್ಚಿದಳು.

"ದೇವರೆದುರು ಕೊಡೆ ಹಿಡ್ಕೊಂಡು ನಿಲ್ತಾರೇನೆ? ಮಡಚು."

"ಅಮ್ಮಾ, ನಿಂಗೊತ್ತಲ್ಲ..."

"ನನಗೋಸ್ಕರ ಪುಟ್ಟಿ. ಇದೊಂದ್ಸಲ."

ಇಂಚರಾ ಕೊಡೆ ಮಡಚಿ ಗೋಡೆಗೆ ಒರಗಿಸಿದಳು. ಹಾಲು ಬಹಳ ಹೊತ್ತಿನ ಮೇಲೆ ಉಕ್ಕಿತು, ಅದೂ ಪೂರ್ವಕ್ಕೆ! ಗೋದಾ ಸಂತೋಷಕ್ಕೆ ಅತ್ತೇಬಿಟ್ಟಳು. ಸಂಜೆ ಮಗಳ ಕೆನ್ನೆ ಕೆಂಪಾದಾಗಲೂ, ಸೂರ್ಯ ಮುಖಕ್ಕೆ ಕಳೆ ಕೊಟ್ಟನೆಂದು ದೃಷ್ಟಿ ತೆಗೆದಳು.

ಆ ವಾರವೇ ಜ್ವರ ಹತ್ತಿತು. ಬೆರಳಿನ ಗೆಣ್ಣುಗಳು ಊದಿದವು. ಆಮೇಲೆ ಪಾದ ಬಾತವು, ಮೂತ್ರದಲ್ಲಿ ನೊರೆ ಕಂಡಿತು. ಡಾಕ್ಟರ್ ಮಧುರಾ ರಕ್ತಕಣಗಳ ಆ ಕೂಗು ಅಡಗಿಸುವ ಔಷಧಿಗಳನ್ನು ಒಂದಾದ ಮೇಲೊಂದು ಕೊಟ್ಟು ನೋಡಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಎರಡು ಕಿಡ್ನಿಯೂ ಕೈಕೊಟ್ಟಿದ್ದವು.

"ನನ್ನದನ್ನ ತಗೊಳ್ಳಿ ಡಾಕ್ಟ್ರೇ, ಎರಡನ್ನೂ ತಗೊಳ್ಳಿ" ಎಂದಳು ಗೋದಾ.

"ನಿಮಗೆ ಸಕ್ಕರೆ ಕಾಯಿಲೆ ಇದೆಯಲ್ಲಮ್ಮಾ. ತಗೊಳ್ಳೋ ಹಾಗಿಲ್ಲ." ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇಷ್ಟೆಲ್ಲ ತಿಳಿದ ಹುಡುಗಿ. ಲ್ಯಾಬಿನವರ ಜೊತೆ ಆ ಬಿಸಿಲಲ್ಲಿ ಬೆಟ್ಟ ಹತ್ತೋಕೆ ಯಾಕೆ ಹೋಗ್ಬೇಕಿತ್ತು, ಹೇಳಿ?"

ಇಂಚರಾ ಯಾವ ಬೆಟ್ಟಕ್ಕೂ ಹೋಗಿರಲಿಲ್ಲ.

"ಬೆಟ್ಟ ಅಲ್ಲ. ನಮ್ಮ ತಾರಸಿ ಮೇಲೆ. ನಾನೇ ನಿಲ್ಲಿಸಿದ್ದು" ಎಂದಳು ಗೋದಾ.

ಡಾಕ್ಟರು ಕನ್ನಡಕ ಮತ್ತೆ ಹಾಕಿಕೊಂಡರು. "ಬಿಸಿಲಿಂದ್ಲೇ ಹೀಗಾಯ್ತು ಅಂತ ಖಂಡಿತವಾಗಿ ಹೇಳಕ್ಕಾಗಲ್ಲ ಗೋದಮ್ಮಾ" ಎಂದರು. ಅದು ಸಮಾಧಾನದ ಮಾತೆಂದು ಗೊತ್ತಾಗದಷ್ಟು ದಡ್ಡಿಯಾಗಿರಲಿಲ್ಲ ಗೋದಾ.

ಮನೆಗೆ ಬಂದು ಮಗಳ ಮಂಚದ ಬಳಿ ಕುಳಿತಳು. "ಯಾಕೆ ಸುಳ್ಳು ಹೇಳ್ದೆ?"

"ನಿನ್ನ ಬೈತಿದ್ರು" ಎಂದು ಇಂಚರಾ ಗೋಡೆಯ ಕಡೆಗೆ ಹೊರಳಿದಳು. ಹೆತ್ತ ತಾಯಿ ಕೊಡೆ ಮಡಚಿಸಿದ್ದಳು, ಮಗಳು ತಾಯಿಯನ್ನು ಕಾಪಾಡಿದ್ದಳು. ಗೋದಾಗೆ ಅಳುವುದಕ್ಕೂ ನಾಚಿಕೆಯಾಯಿತು.

ಈಗ ವಾರಕ್ಕೆ ಮೂರು ದಿನ ಡಯಾಲಿಸಿಸ್. ಬೇರೆ ಕಿಡ್ನಿ ಸಿಗುವ ಭರವಸೆಯನ್ನು ಯಾರೂ ಕೊಟ್ಟಿಲ್ಲ. ಗೋದಾ ಬೆಳಿಗ್ಗೆ ಕೈಮುಗಿಯುವುದನ್ನು ಬಿಟ್ಟಿದ್ದಾಳೆ, ಕಾಫಿ ಹೇಗೋ ಗಂಟಲಿಗೆ ಇಳಿಯುತ್ತದೆ. ಹೊತ್ತು ನೆತ್ತಿಗೇರುವಾಗ ಆಟೋ ಬಂದು ಗೇಟಿನ ಹೊರಗೆ ನಿಲ್ಲುತ್ತದೆ. ಒಂದು ಕೈಯಲ್ಲಿ ಮಗಳ ತೋಳು, ಇನ್ನೊಂದರಲ್ಲಿ ಕರಿ ಕೊಡೆ ಹಿಡಿದು ಗೋದಾ ಮೆಟ್ಟಿಲಿಳಿಯುತ್ತಾಳೆ.

"ಇನ್ನೇನು ಉಳಿದಿದೆ ಅಂತ ಕೊಡೆ ಅಮ್ಮಾ? ಸಾಕು, ಮಡಚು" ಎನ್ನುತ್ತಾಳೆ ಇಂಚರಾ.

ಗೋದಾ ಮಡಚುವುದಿಲ್ಲ.