ಖಾಲಿ ಕೊಡಬಾರದ ಬಾಟಲಿ

ಇವತ್ತೂ ಮಜ್ಜಿಗೆ ನೀರಿನ ಹಾಗೆ ಬೆಳ್ಳಗಾಗಿದೆ, ಫ್ಲಾಸ್ಕನ್ನು ಕಿಟಕಿಗೆ ಹಿಡಿದರೆ ಆಚೆಯ ಬೆಟ್ಟ ಕಾಣುತ್ತಿಲ್ಲ, ಅಂದರೆ ಯೀಸ್ಟ್ ಬೆಳೆದಿದೆ, ಬೆಳೆಯಬಾರದಿತ್ತು, ಲ್ಯೂಸಿನ್ ಎಂಬ ಅಮೈನೋ ಆಮ್ಲವನ್ನು ತಾನೇ ಮಾಡಿಕೊಳ್ಳಲು ಬಾರದ ಯೀಸ್ಟ್ ಇದು, ಕೊಡದಿದ್ದರೆ ಸಾಯಬೇಕು, ಹೇಗೆ ಸಾಯುತ್ತದೆ ಅನ್ನುವುದೇ ನನ್ನ ಪಿಎಚ್‌ಡಿ — ಮೆಥಿಯೋನಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಸಿಗದ ಯೀಸ್ಟು ಜಾಣ, ಬೆಳೆಯುವುದನ್ನು ನಿಲ್ಲಿಸಿ ಮುದುರಿ ಕೂತು ಜೀವ ಉಳಿಸಿಕೊಳ್ಳುತ್ತದೆ, ಇದಕ್ಕೆ ಆ ಬುದ್ಧಿ ಇಲ್ಲ, ಉರಿದುರಿದೇ ಸಾಯುತ್ತದೆ — ಯಾರೋ ಲ್ಯೂಸಿನ್ ತಿನ್ನಿಸಿದ್ದಾರೆ, ಯಾರು ಅಂತ ಬೇರೆ ಕೇಳಬೇಕೇ, ಮೇಘನ, ಶ್ರೀನಿವಾಸಪುರದಿಂದ ಬರುವ ಜೂನಿಯರ್, ಬಾಯಿ ತೆರೆದರೆ ಬೆಣ್ಣೆ, ಅಕ್ಕ ನನ್ ಬ್ರಾತ್ ಆಗೋಯ್ತು ನಿಮ್ದು ಕೊಡಿ ನಾಳೆ ಕೊಡ್ತೀನಿ, ಬ್ರಾತ್ ಅಂದರೆ ಯೀಸ್ಟಿಗೆ ಹಾಕುವ ಊಟದ ನೀರು, ಕೊಟ್ಟೆ, ಅವಳದು ಮಾಮೂಲಿ ಯೀಸ್ಟು, ಲ್ಯೂಸಿನ್ ಇಲ್ಲದ ಬ್ರಾತಿನಲ್ಲೂ ಬೆಳೆಯುತ್ತದೆ, ಮರುದಿನ ಬಾಟಲಿ ನನ್ನ ಮೇಜಿನ ಮೇಲಿತ್ತು, ಆಮೇಲೆಯೇ ಎಲ್ಲ ಕೆಟ್ಟದ್ದು, ಇದರಲ್ಲಿ ಯಾರೋ ಕೈಯಾಡಿಸಿದ್ದಾರೆ ಅಂತ ನಿನ್ನೆ ಅವಳ ಮುಂದೆಯೇ ಅಂದೆ, ತಕ್ಷಣ ತಲೆ ತಗ್ಗಿಸಿದಳು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಬೆಳಿಗ್ಗೆ ನಮ್ಮ ಗೈಡ್ ಉಮಾಶಂಕರ್ ಸರ್‌ಗೆ ಹೇಳಿಬಿಟ್ಟೆ, ಬೇಕಂತಲೇ ಕೆಡಿಸ್ತಿದ್ದಾಳೆ ಸರ್, ಅವಳಿರೋ ಲ್ಯಾಬಲ್ಲಿ ನಾನಿರಲ್ಲ, ಆಯ್ತಮ್ಮ ಶೋಭಾ ಕಳಿಸ್ಬಿಡ್ತೀನಿ ಅಂದರು.

ಈಗ ಸರ್ ಅವಳನ್ನು ಒಳಗೆ ಕರೆಸಿಕೊಂಡಿದ್ದಾರೆ, ಬಾಗಿಲು ಅರ್ಧ ತೆರೆದಿದೆ, ಅಳುತ್ತಿದ್ದಾಳೆ, ಅಳಲಿ, ನಾಟಕ — ಅಕ್ಕನ್ ಬಾಟ್ಲು ಖಾಲಿ ಹೆಂಗ್ ವಾಪಸ್ ಕೊಡೋದು ಸರ್, ನಮ್ಮನೇಲಿ ಯಾರ್ದೂ ಖಾಲಿ ಕೊಡಲ್ಲ, ನನ್ ಬ್ರಾತ್ ತುಂಬಿ ಕೊಟ್ಟೆ, ಎಲ್ಲಾ ಅಮೈನೋ ಆಸಿಡ್ ಇರೋ ಒಳ್ಳೇದೇ ಹಾಕ್ದೆ — ಒಳ್ಳೇದೇ ಅಂತೆ, ದೇವರೇ, ಸುಗಟೂರಿನಲ್ಲಿ ನಮ್ಮಮ್ಮ ಮಾಡುವುದೂ ಅದನ್ನೇ, ಪಕ್ಕದ ಮನೆ ಮುನಿಯಲ್ಲಮ್ಮನ ಡಬ್ಬಿ ಬಂದರೆ ಏನೂ ಇಲ್ಲದ ದಿನವೂ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕಳಿಸುತ್ತಾಳೆ, ನಾನೇ ಎಷ್ಟು ಸಲ ಹೊತ್ತುಕೊಂಡು ಹೋಗಿ ಕೊಟ್ಟಿದ್ದೇನೆ. ಕಥೆ ಹೇಳ್ಬೇಡಮ್ಮ, ಲ್ಯೂಸಿನ್ ಇಲ್ದಿರೋ ಬಾಟ್ಲು ಅಂತ ಚೀಟಿ ಇರ್ಲಿಲ್ವಾ, ಸರ್ ಕೇಳುತ್ತಿದ್ದಾರೆ, ಇರಲಿಲ್ಲ, ನಾನು ಅಂಟಿಸಿರಲಿಲ್ಲ, ಅದು ಗೊತ್ತಿರುವುದು ನನಗೊಬ್ಬಳಿಗೆ, ಎದ್ದು ಹೋಗಿ ಹೇಳಬೇಕು, ಹೇಳಿದರೆ ಕೆಡಿಸಿದವಳು ನಾನೇ ಆಗುತ್ತೇನೆ, ಆದರೂ ಹೇಳಬೇಕು, ಈಗಲೇ, ಭಯವಾಗುತ್ತಿದೆ, ನಾಚಿಕೆಯಾಗುತ್ತಿದೆ, ಫ್ಲಾಸ್ಕನ್ನೇ ಒರೆಸುತ್ತ ಕೂತಿದ್ದೇನೆ — ಐಡಿ ಕಾರ್ಡ್ ಇಟ್ಟು ಹೋಗು ಅಂದರು, ಬಂದಳು, ನನ್ನ ಮುಂದೆಯೇ ನಿಂತಳು, ಬೈಯಲಿಲ್ಲ, ಬರ್ತೀನಿ ಅಕ್ಕ ಅಂದಳು, ಹೊರಟಳು, ಬಾಗಿಲು ದೂಡುವ ಅವಳ ಕೈ, ಖಾಲಿ ಕೈ, ಕಾರಿಡಾರಿನುದ್ದಕ್ಕೂ ಆ ಖಾಲಿ ಕೈ, ಖಾಲಿ ಕೈ —