ಮುರಿಯದ ಬಿಲ್ಲೆ

ಮಗ ಮದುವೆಯಾಗಲಿದ್ದ ಯೂನಾ ಮೊದಲ ಸಲ ಮನೆಗೆ ಬಂದ ದಿನವೇ ಎಫಿಗೆ ಅವಳನ್ನು ಕಂಡರಾಗದೆ ಹೋಯಿತು. ಚಹಾದ ಜೊತೆ ಕೊಟ್ಟ, ಬೆಣ್ಣೆ ಬಿಸ್ಕತ್ತಿನಂಥ ಶಾರ್ಟ್‌ಬ್ರೆಡ್ ತುಂಡನ್ನು ಆ ಹುಡುಗಿ ಬಾಯಿಗಿಡುವ ಮೊದಲು ಬೆಳಕಿಗೆ ಹಿಡಿದು ನೋಡಿದಳು.

"ಒಂದು ಅಂಚು ಸೊಟ್ಟ ಇದೆ. ನಮ್ಮ ಫ್ಯಾಕ್ಟರೀಲಿ ಇಂಥದ್ದನ್ನ ಪಕ್ಕಕ್ಕೆ ಎಸೀತೀವಿ."

ಡಂಡಿ ಪಟ್ಟಣದ ಬಿಸ್ಕತ್ತು ಕಾರ್ಖಾನೆಯಲ್ಲಿ ದುಡಿಯುವವಳು, ಮೂವತ್ತು ವರ್ಷ ಬೆಣ್ಣೆ ಹಿಟ್ಟಿನಲ್ಲಿ ಕೈ ಪಳಗಿಸಿದವಳಿಗೆ ಪಾಠ ಹೇಳುವುದೇ! ಮಗ ಸ್ಟ್ರೂಅನ್ ಬೇರೆ ಕಿಸಕ್ಕನೆ ನಕ್ಕ. ಗಂಡನಿಲ್ಲದ ಎಫಿಗೆ ಇದ್ದವನು ಅವನೊಬ್ಬನೇ. ಆ ನಗು ಅವಳ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಮದುವೆಗೆ ವಾರವಿರುವಾಗ ಅವನೇ ಮಾತು ತೆಗೆದ. "ಅಮ್ಮಾ, ಹೊಸ್ತಿಲಲ್ಲಿ ನೀನು ಅವಳನ್ನ ಸರಿಯಾಗಿ ಕರ್ಕೊಂಡ್ರೆ ಇಲ್ಲೇ ಇರ್ತೀವಿ. ಮುಖ ಗಂಟು ಹಾಕ್ಕೊಂಡು ನಿಂತ್ರೆ, ಡಂಡೀಲಿ ಅವರಪ್ಪನ ಮನೇಲಿ ಜಾಗ ಇದೆ."

ಅಲ್ಲಿಯ ಪದ್ಧತಿಯಲ್ಲಿ ಕರೆದುಕೊಳ್ಳುವುದೆಂದರೆ, ಸೊಸೆ ಒಳಗೆ ಕಾಲಿಡುವ ಮೊದಲು ಅತ್ತೆ ಅವಳ ತಲೆಯ ಮೇಲೆ ಶಾರ್ಟ್‌ಬ್ರೆಡ್ಡಿನ ಚೌಕ ಬಿಲ್ಲೆ ಮುರಿಯಬೇಕು. ಪುಡಿಯಾಗಿ ಉದುರಿದರೆ ಅವಳು ಆ ಮನೆಯವಳಾದಂತೆ. ಮದುವೆಯಾಗದ ಹುಡುಗಿಯರು ಆ ಚೂರುಗಳಿಗೆ ಮುಗಿಬಿದ್ದು, ಕನಸಿನಲ್ಲಿ ತಮ್ಮ ಗಂಡನಾಗುವವನು ಕಾಣಲೆಂದು ಒಯ್ದು ದಿಂಬಿನಡಿ ಇಟ್ಟುಕೊಳ್ಳುತ್ತಾರೆ.

ಮದುವೆಯ ಹಿಂದಿನ ದಿನ ಎಫಿ ಹಿಟ್ಟು ಕಲಸಿದಳು. ಮುಳ್ಳುಗಿಡದ ಹೂವಿನ ಅಚ್ಚು ಒತ್ತಿದಳು, ಅಡಿಪಟ್ಟಿ ಇಟ್ಟು ನಾಲ್ಕೂ ಬದಿ ಕತ್ತರಿಸಿದಳು. ಒಂದು ಮೂಲೆ ಬಿರುಕು ಬಿಟ್ಟಿತು. ಉಂಡೆ ಕಟ್ಟಿ ಮತ್ತೆ ನಾದಿದಳು, ಮತ್ತೆ ಕತ್ತರಿಸಿದಳು. ಕೂದಲೆಳೆಯಷ್ಟು ಸೊಟ್ಟ ಕಂಡರೂ ಸಾಕು, ಮತ್ತೆ ಉಂಡೆ.

ಪಕ್ಕದ ಮನೆಯ ಗ್ರಿಜೆಲ್ ನೋಡಲಾರದೆ ಬಾಯಿಬಿಟ್ಟಳು. "ಸಾಕು ಬಿಡೇ ಮಾರಾಯ್ತಿ. ಹಿಂಗೆ ನಾದಿದ್ರೆ ಹಿಟ್ಟು ಜಿಗುಟಾಗುತ್ತೆ, ಬೆಂದ ಮೇಲೆ ಕಲ್ಲು. ನಿಂಗೆ ನಾನು ಹೇಳ್ಬೇಕಾ?"

"ಆ ಫ್ಯಾಕ್ಟರಿ ರಾಣಿ ನಾಳೆ ಅಂಚು ನೋಡ್ತಾಳೆ. ನೋಡ್ಲಿ!"

"ಅದನ್ನ ಅವಳ ಕಣ್ಣಿಗೆ ಮಾಡ್ತಿದೀಯೋ, ತಲೆಗೋ?"

"ನಿನ್ ಕೆಲಸ ನೀನು ನೋಡ್ಕೋ, ಗ್ರಿಜೆಲ್."

ಬಿಲ್ಲೆ ಒಲೆಯಿಂದ ಹೊರಬಂದಾಗ ಅಂಚುಗಳು ಗೆರೆ ಎಳೆದಂತಿದ್ದವು. ಎಫಿಗೆ ಹೊಟ್ಟೆ ತಣ್ಣಗಾಯಿತು.

ಮರುದಿನ ಮಧ್ಯಾಹ್ನ ಚರ್ಚಿನಿಂದ ಜನವೆಲ್ಲ ಬಾಗಿಲಿಗೆ ಬಂದರು. ಯೂನಾ ತಲೆಯ ಮೇಲೆ ತೆಳು ಬಿಳಿ ಬಟ್ಟೆ ಹಾಕಿಕೊಂಡು ಹೊಸ್ತಿಲ ಕಲ್ಲಿನ ಮುಂದೆ ನಿಂತಳು. ಎಫಿ ಬಿಲ್ಲೆಯನ್ನು ಎರಡೂ ಕೈಯಲ್ಲಿ ಎತ್ತಿ ಇಳಿಸಿದಳು.

ಟಕ್ ಎಂದಿತು. ಒಂದು ಚೂರೂ ಉದುರಲಿಲ್ಲ.

ಯಾರೋ ಉಸಿರೆಳೆದುಕೊಂಡರು. ಎಫಿ ಇನ್ನೊಮ್ಮೆ ಕುಟ್ಟಿದಳು. ಮುರಿಯಲಿ ಎಂದೇ ಕುಟ್ಟಿದ್ದು, ಆದರೆ ಆರು ತಿಂಗಳ ಸಿಟ್ಟೆಲ್ಲ ಆ ಏಟಿನಲ್ಲಿ ಇಳಿದದ್ದು ನೆರೆದವರಿಗೆಲ್ಲ ಕಂಡಿತು. ಮೂರನೆಯ ಸಲ ಕೈ ಎತ್ತುವಷ್ಟರಲ್ಲಿ ಸ್ಟ್ರೂಅನ್ ಅವಳ ಮಣಿಕಟ್ಟು ಹಿಡಿದ.

"ಸಾಕಮ್ಮ. ಗೊತ್ತಾಯ್ತು."

ಯೂನಾ ಹಣೆ ಒತ್ತಿಕೊಂಡು ಬಿಲ್ಲೆಯನ್ನು ದಿಟ್ಟಿಸಿದಳು. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಇರಲಿಲ್ಲ. "ಅಂಚು ಮಾತ್ರ ನೇರವಾಗಿದೆ, ಅತ್ತೆ" ಅಂದು ಬೆನ್ನು ತಿರುಗಿಸಿದಳು.

ಇಬ್ಬರೂ ಕಾರು ಹತ್ತಿದರು. ಡಂಡಿಯ ಕಡೆಗೆ ಕಾರು ತಿರುಗಿದ ಮೇಲೆ ಎಫಿ ಬಿಲ್ಲೆಯನ್ನು ಹೊಸ್ತಿಲ ಕಲ್ಲಿಗೆ ಬಲವಾಗಿ ಅಪ್ಪಳಿಸಿದಳು. ಈಗ ಅದು ನೂರು ಚೂರಾಯಿತು. ಅಂಗಳದಲ್ಲಿ ಮದುವೆಯಾಗದ ಹುಡುಗಿಯರು ಆರೇಳು ಜನ ಇದ್ದರು. ಒಬ್ಬಳೂ ಬಗ್ಗಲಿಲ್ಲ.