ಆರುನ್ನೊಕ್ಕಟಿ

ಕಡಲೆಬೀಜದ ಕೆಂಪು ಹೊಟ್ಟು ಬೆರಳಿಗೆ ಅಂಟಿಕೊಂಡಿದೆ, ಊದಿದರೂ ಹೋಗದು, ಸೇರು ತುಂಬಿ ಗೋಪುರವಾಗಿದೆ, ಮೇಲಿನ ನಾಲ್ಕು ಬೀಜ ಜಾರುತ್ತಿವೆ, ಲಾಭ ಎನ್ನುತ್ತೇನೆ, ಮೊದಲ ಸೇರನ್ನು ಒಂದು ಎನ್ನಬಾರದು, ಓಬುಲೇಶನ ಚೀಲಕ್ಕೆ ಸುರಿಯುತ್ತೇನೆ, ಪಕ್ಕದ ಹೊಲದವನು, ಬಿತ್ತನೆಗೆ ಬೀಜ ಕೇಳಿ ಬಂದಿದ್ದಾನೆ, ತಕ್ಕಡಿ ಯಾಕೆ ಮೇಷ್ಟ್ರೇ, ಸೇರಲ್ಲೇ ಅಳೀರಿ, ನಿಮ್ ಕೈ ಒಳ್ಳೇದು — ಯಾವ ಕೈ, ಈ ಕೈಯೇ, ಕಾರ್ತಿಕದಲ್ಲೂ ಇದೇ ಕೈ, ಇದೇ ಅಂಗಳ. ರೆಂಡು. ಅವನ ಮನೆಮಾತು ತೆಲುಗು, ಅವನಿಗೆ ಅಳೆಯುವಾಗ ಎಣಿಕೆಯೂ ತೆಲುಗು. ಮೂಡು. ಅಗೋ, ರತ್ನಗಿರಿಯ ಕಡೆಯಿಂದ ಸದ್ದು, ದೂರದ ಜೇನುಹುಳುವಿನ ಹಾಗೆ, ಹತ್ತು ಗಂಟೆಗೆ ಸರಿಯಾಗಿ, ಎಂಟು ತಿಂಗಳಾದ ಮೇಲೆ ಮತ್ತೆ ಅದೇ ವಿಮಾನ, ಅದೇ ಅಲ್ಲ, ಅಂಥದ್ದೇ ಇನ್ನೊಂದು, ನನ್ನ ಮಗಳು ಗಂಗೋತ್ರಿಯ ಬೆಂಚಿನಲ್ಲಿ ಈಗ ಇನ್ಯಾರದೋ ಮಗು ಕೂತಿದೆ, ಒಂದು ಮಗು ಸತ್ತಿತೆಂದು ಶಾಲೆ ನಿಲ್ಲುವುದಿಲ್ಲ, ಮೂವತ್ತು ವರ್ಷ ಪಾಠ ಹೇಳಿದವನು ನಾನು, ನನಗೆ ಗೊತ್ತು.

ವಿಮಾನಗಳನ್ನು ಪರೀಕ್ಷೆ ಮಾಡಲು ಕಲಿಸುವ ಶಾಲೆ ಅದು, ಪೈಲಟ್ ಮುಂದೆ, ಎಂಜಿನಿಯರ್ ಆದ ಇವಳು ಹಿಂದೆ, ತೊಡೆಗೆ ಕಟ್ಟಿಕೊಂಡ ಪುಟ್ಟ ಹಲಗೆ, ಪೆನ್ಸಿಲು. ಸಂಕ್ರಾಂತಿಗೆ ಬಂದಾಗ ಇಲ್ಲೇ ಕೂತಿದ್ದಳು, ಒಣಹಾಕಿದ ಕಾಯಿಯ ರಾಶಿಯ ಪಕ್ಕ. ವಿಮಾನಕ್ಕೂ ಪರೀಕ್ಷೆ ಐತೇನೇ, ಎಂದಳು ಅವಳ ತಾಯಿ ಓಬಳಮ್ಮ. ಊ ಕಣಮ್ಮ, ಅಪ್ಪ ಹುಡುಗ್ರಿಗೆ ಮಾಡ್ತಿರ್ಲಿಲ್ವಾ ಅಂಗೇ, ಫೇಲಾದ್ರೆ ಬೆಂಚಿನ ಮೇಲೆ ನಿಲ್ಸೋಕಾಗಲ್ಲ ಅಷ್ಟೇ. ನಕ್ಕಳು. ಅಂಗೈಯನ್ನು ಬೋರಲು ಮಾಡಿ ರಾಶಿಯ ಮೇಲೆ ಹಿಡಿದಳು, ಇದು ವಿಮಾನ ಅನ್ಕೋ ಅಪ್ಪ, ಎಂಜಿನ್ ಸದ್ದು ಇಳಿಸ್ತಾರೆ, ಮೂಗು ಎತ್ತಾರೆ, ರೆಕ್ಕೇಗೆ ಗಾಳಿ ಹಿಡಿತ ತಪ್ತದೆ, ಆಗ ನಡುಗ್ತದೆ — ಅಂಗೈ ನಡುಗಿತು, ಐದು ಬೆರಳೂ ನಡುಗಿದವು — ಬಿತ್ತು. ಬೀಳೋದನ್ನ ಕಲಿಸ್ತಾರೇನಮ್ಮ? ಬೀಳೋದಲ್ಲಪ್ಪ, ಬಿದ್ದು ಏಳೋದು. ನಾನು ಎಣಿಸ್ತೀನಿ, ಏಳಕ್ಕೆ ಅವರು ಎತ್ತಬೇಕು. ಬಾಯಲ್ಲಿ ಇಂಗ್ಲಿಷು, ಒಳಗೊಳಗೇ ಏಳು ಅಂತೀನಿ, ನಮ್ಮ ಭಾಷೇಲಿ ನೋಡು, ಅಂಕಿನೇ ಅಪ್ಪಣೆ. ನಮ್ಮೂರ ಮೇಲೆ ಬಂದಾಗ ನೀನೂ ಕೆಳಗಿಂದ ಅನ್ನಪ್ಪ. ಅಂದೆ. ಮೂರು ಸಲ ಬಂದಳು, ಮೂರು ಸಲವೂ ಅಂಗಳದಲ್ಲಿ ನಿಂತು ಏಳು ಎಂದೆ, ಮೂರು ಸಲವೂ ಸದ್ದು ಮರಳಿತು. ನಾಲ್ಕನೆಯದು ಕಾರ್ತಿಕದಲ್ಲಿ, ನಾಳೆ ಹತ್ತಕ್ಕೆ ಅಪ್ಪ, ಮರೀಬ್ಯಾಡ, ಎಂದು ಫೋನು ಮಾಡಿದ್ದಳು, ಮರೆಯಲಿಲ್ಲ, ರಾಶಿ ಅಳೆಯುತ್ತಿದ್ದೆ, ಚೀಲ ಹಿಡಿದವನು ಇದೇ ಓಬುಲೇಶ, ಸದ್ದು ನಿಂತಿತು, ಮನಸ್ಸು ಮೇಲೆ ಎಣಿಸುತ್ತಿತ್ತು, ಬಾಯಿ ಕೆಳಗೆ ಎಣಿಸುತ್ತಿತ್ತು, ಎರಡೂ ಒಂದೇ ಕ್ಷಣಕ್ಕೆ ಅಲ್ಲಿಗೆ ಬಂದವು. ತೆಲುಗಿನಲ್ಲಿ ಏಳಕ್ಕೆ ಏಡು, ಏಡು ಎಂದರೆ ಅಳು, ರಾಶಿಯ ಮುಂದೆ ಅಳು ಎನ್ನಬಾರದೆಂದು ಆರರ ಮೇಲೊಂದು ಎನ್ನುತ್ತಾರೆ, ಆರುನ್ನೊಕ್ಕಟಿ, ಬಾಯಿ ಅದನ್ನೇ ಅಂದಿತು. ಅಳು ಎನ್ನಲಿಲ್ಲ. ಏಳು ಎಂದೂ ಎನ್ನಲಿಲ್ಲ. ಕೋಟೆಯ ಬೆಟ್ಟದಾಚೆ ಹೊಗೆ ಎದ್ದಿತು, ಹೊಗೆ ಮಾತ್ರ ಎದ್ದಿತು. ಯಂತ್ರದ ದೋಷ ಎಂದರು ಶಾಲೆಯಿಂದ ಬಂದವರು, ಟೋಪಿ ತೆಗೆದು ನಿಂತಿದ್ದರು. ನೀವಂದಿದ್ದಕ್ಕೆ ಏಳ್ತಿತ್ತೇನ್ರೀ ವಿಮಾನ, ಸುಮ್ಕಿರಿ, ಎನ್ನುತ್ತಾಳೆ ಓಬಳಮ್ಮ. ಇರಬಹುದು. ಆದರೆ ನರಸಿಂಹಸ್ವಾಮಿ ಕಂಬದಿಂದ ಎದ್ದು ಬಂದದ್ದು ಒಂದು ಮಗು ಕರೆಯಿತೆಂದು, ಕರೆಯದಿದ್ದರೆ, ಸ್ವಾಮಿ, ಕಂಬ ಕಂಬವಾಗಿಯೇ ಇರುತ್ತಿತ್ತಲ್ಲ.

ನಾಲುಗು. ಏನ್ ಮೇಷ್ಟ್ರೇ, ನಿಂತೋದ್ರಿ, ಸುರೀರಿ. ಸುರಿಯುತ್ತೇನೆ. ಐದು. ಸದ್ದು ನಿಂತಿತು. ಕೋಳಿ ಕೆದಕುವುದನ್ನು ಬಿಟ್ಟು ಕತ್ತು ಓರೆ ಮಾಡಿದೆ, ಹಿಪ್ಪುನೇರಳೆಯ ಎಲೆ ಅಲುಗುವುದಿಲ್ಲ, ಗಾಳಿ ಎಲ್ಲಿ ಹೋಯಿತು, ಆರು, ಸೇರು ಕೈಯಲ್ಲಿ, ರಾಶಿಯ ಬೀಜಗಳು ತಮ್ಮಷ್ಟಕ್ಕೆ ತಾವೇ ನಡುಗುತ್ತಿವೆ, ನಡುವೆ ಒಂದು ತಗ್ಗು, ನಾನು ಸೇರು ಅದ್ದಿದ ಜಾಗವಲ್ಲ ಅದು, ಓಬುಲೇಶನ ತುಟಿ ಅಲುಗುತ್ತಿದೆ, ಆರುನ್ನೊಕ್ಕಟಿ ಅನಂಡಿ ಮೇಷ್ಟ್ರೇ — ಏಳು! ಕೂಗಿದೆ, ಅಂಗಳವೆಲ್ಲ ಕೇಳುವ ಹಾಗೆ, ಏಳು! ಅವನು ಚೀಲ ಹಿಂದಕ್ಕೆ ಎಳೆದುಕೊಂಡ, ಏಳಾದ್ರೇನು ಏಡಾದ್ರೇನು, ಬಿತ್ತನೆ ಬೀಜದ್ ಮುಂದೆ ಎಂಥಾ ಮಾತಾಡ್ತೀರಿ — ಸುಮ್ಮನಿರೋ, ಕೇಳು, ಬಂತು, ಸದ್ದು ಬಂತು, ಮೇಲೆ, ಇನ್ನೂ ಮೇಲೆ, ಎದ್ದಿತು, ಯಾರದೋ ಮಗು ಎದ್ದಿತು, ಹೊಸಲಲ್ಲಿ ಓಬಳಮ್ಮ ಕೈ ಮುಗಿದು ನಿಂತಿದ್ದಾಳೆ, ವಿಮಾನ ಕೋಟೆ ದಾಟಿ ಹೋಗುತ್ತಿದೆ, ಆಕಾಶ ನಿಶ್ಚಿಂತೆಯಾಗಿದೆ, ರಾಶಿಯ ನಡುಕ ಮಾತ್ರ ನಿಂತಿಲ್ಲ, ಆ ತಗ್ಗು ಆಳವಾಗುತ್ತಿದೆ, ಅಗಲವಾಗುತ್ತಿದೆ, ಬೆರಳು, ಬೆರಳು, ಐದು ಬೆರಳು, ಗಂಗೋತ್ರಿಯ ಬೋರಲಾದ ಅಂಗೈ, ಮೂಗು ಕೆಳಗಾಗಿ, ಏಳಮ್ಮ, ಅಂದೆನಲ್ಲ, ಈ ಸಲ ಅಂದೆನಲ್ಲ, ಏಳು, ಬೋರಲಾದ ಅಂಗೈ, ಏಳು, ಅಂಗೈ ಬೋರಲಾಗಿಯೇ